ಭಾಲ್ಕಿಯಿಂದ ತಂದ ಪಿಸ್ತೂಲು

ಈ ತಲೆಬರಹವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ಗಾಬರಿಯಾಗಬಾರದು. ಮೂವತ್ತಾರು ವರ್ಷ ಗಣಿತ ಪಾಠ ಹೇಳಿ, ಸೀಮೆಸುಣ್ಣದ ತುಂಡಿನ ಹೊರತು ಬೇರೇನನ್ನೂ ಯಾರ ಮೇಲೂ ಎಸೆಯದ ನಿಮ್ಮ ಮಾಸ್ತರರಿಗೆ ಇಳಿವಯಸ್ಸಿನಲ್ಲಿ ಬುದ್ಧಿ ಪಲ್ಲಟವಾಗಿಲ್ಲ. ಪಿಸ್ತೂಲು ನನ್ನದಲ್ಲ, ಮೊಮ್ಮಗಳದು. ಅದರಲ್ಲಿ ಮದ್ದಿಲ್ಲ. ಒತ್ತಡದಲ್ಲಿಟ್ಟ ಗಾಳಿಯ ಬಲದಿಂದ ಸೀಸದ ಪುಟ್ಟ ಪೆಲೆಟ್ಟನ್ನು ಹತ್ತು ಮೀಟರು ದೂರದ ಕಾಗದಕ್ಕೆ ಹೊಡೆಯುವ ಸ್ಪರ್ಧೆಯ ಸಾಧನ ಅದು. ಬಂಧುಗಳಲ್ಲಿ ಕೆಲವರು ದೂರವಾಣಿ ಮಾಡಿ, "ಹುಡುಗಿಗೆ ಬಂದೂಕ ಕೊಡಿಸಿದಿರಂತಲ್ಲ, ಖರೇ ಏನ್ರಿ?" ಎಂದು ವಿಚಾರಿಸಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ವಿವರಿಸುವ ಬದಲು ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊಮ್ಮಗಳಿಗೆ ಈಗ ಹದಿನೆಂಟು ವರ್ಷ. ಶಾಲೆಯಲ್ಲಿದ್ದಾಗ ಎನ್.ಸಿ.ಸಿ. ಸೇರಿ ಪಾಯಿಂಟ್ ಇಪ್ಪತ್ತೆರಡರ ರೈಫಲಿನಿಂದ ಮಲಗಿ ಗುರಿ ಹೊಡೆದದ್ದೇ ಅವಳ ಮೊದಲ ಅನುಭವ. ಆಮೇಲೆ ರಜೆಯಲ್ಲಿ ಬೆಂಗಳೂರಿನ ಸೋದರತ್ತೆಯ ಮನೆಗೆ ಹೋದಾಗ ಅಲ್ಲಿಯ ಒಂದು ಕ್ಲಬ್ಬಿನಲ್ಲಿ ಏರ್ ಪಿಸ್ತೂಲನ್ನು ಕೈಗೆತ್ತಿಕೊಂಡಳು. ಅಂದಿನಿಂದ ಅದರದೇ ಧ್ಯಾನ. ಎರಡು ವರ್ಷ ಕ್ಲಬ್ಬಿನ ಪಿಸ್ತೂಲಿನಲ್ಲಿಯೇ ಕಲಿತಳು, ಅದರಲ್ಲಿಯೇ ಸ್ಪರ್ಧಿಸಿದಳು. ಒಂದು ತಿಂಗಳು ಚೆನ್ನಾಗಿ ಹೊಡೆದವಳು ಮರುತಿಂಗಳು ಹಿಂದೆ ಬೀಳುತ್ತಿದ್ದಳು. ಕಾರಣ ಕೇಳಿದರೆ, "ಮುತ್ಯಾ, ಕ್ಲಬ್ಬಿನ ಪಿಸ್ತೂಲ ಅಂದ್ರ ಬಾಡಿಗಿ ಸೈಕಲ್ ಇದ್ದಂಗ. ನಾ ಸೀಟು ಇಳಿಸಿ ಬಂದಿರ್ತೀನಿ, ಮತ್ತೊಬ್ಬರು ಏರಿಸಿರ್ತಾರ" ಎಂದಳು. ಬಾಡಿಗೆ ಸೈಕಲ್ಲನ್ನು ಅವಳು ಕಂಡವಳಲ್ಲ. ನನ್ನ ಬಾಯಿಂದ ಕೇಳಿದ್ದ ಹೋಲಿಕೆಯನ್ನೇ ನನಗೆ ತಿರುಗಿಸಿದ್ದಳು. ಆದರೂ ಮಾತು ನಿಜವೆನಿಸಿತು.

ಸರಿ, ಹೊಸದರ ಬೆಲೆ ವಿಚಾರಿಸಿದೆವು. ಆಸ್ಟ್ರಿಯದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಇಟಲಿಯ ಪಾರ್ದಿನಿ, ಜರ್ಮನಿಯ ವಾಲ್ಥರ್ ಮತ್ತು ಫೈನ್‌ವೆರ್ಕ್‌ಬಾವ್ ಇವು ಈ ಕ್ರೀಡೆಯಲ್ಲಿ ಕೇಳಿಬರುವ ಹೆಸರುಗಳು. ನಮಗೆ ಬಂದ ದರ ಎರಡು ಲಕ್ಷ ರೂಪಾಯಿಯನ್ನು ದಾಟಿತ್ತು. ಪಿಂಚಣಿಯ ಮನುಷ್ಯನಾದ ನಾನು ಆ ಅಂಕಿಯನ್ನು ಕಾಗದದ ಮೇಲೆ ಬರೆದು, ಮಗನ ಮನೆಸಾಲದ ಕಂತನ್ನು ಅದರ ಕೆಳಗೆ ಬರೆದು, ಕಾಗದವನ್ನು ಮಡಿಸಿ ಇಟ್ಟುಬಿಟ್ಟೆ. ಹುಡುಗಿ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಹಣಕ್ಕಿಂತ ದೊಡ್ಡ ಅಡ್ಡಿ ಬೇರೆಯೇ ಇತ್ತು. ಅದು ಔರಾದಿನಲ್ಲಿ ನನ್ನ ತಮ್ಮನ ಮನೆಯಲ್ಲಿರುವ ನನ್ನ ಅವ್ವ. 1948ರಲ್ಲಿ ಅವಳಿಗೆ ಹತ್ತು ವರ್ಷ. ತವರು ಬಸವಕಲ್ಯಾಣದ ಕಡೆಯ ಒಂದು ಹಳ್ಳಿ. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ನಮ್ಮ ಜಿಲ್ಲೆಯ ಹಿರಿಯರಾರೂ ಮರೆತಿಲ್ಲ. ಆ ದಿನಗಳಲ್ಲಿ ಅವ್ವನ ಮನೆಯವರು ಸಂಜೆಯಾದೊಡನೆ ದೀಪವಾರಿಸಿ, ಬರಿದಾದ ಹಗೇವಿನೊಳಗೆ ಮಕ್ಕಳನ್ನು ಇಳಿಸಿ, ಮೇಲೆ ಹೊಟ್ಟು ಹರವುತ್ತಿದ್ದರಂತೆ. ಒಂದು ರಾತ್ರಿ ಊರ ಹೊರಗೆ ಗುಂಡಿನ ಸದ್ದಾಯಿತು. ದನಗಳನ್ನು ಒಳಗೆ ಕಟ್ಟಲೆಂದು ಹೋಗಿದ್ದ ಅವಳ ಅಣ್ಣನ ಎಡಗಾಲಿನ ಮೀನಖಂಡವನ್ನು ಒಂದು ಗುಂಡು ಕಿತ್ತುಕೊಂಡು ಹೋಯಿತು. ಸೆಪ್ಟೆಂಬರ್ 17ರಂದು ಹೈದರಾಬಾದು ಸಂಸ್ಥಾನ ಶರಣಾದ ಸುದ್ದಿ ಬಂದಾಗ ಊರೆಲ್ಲ ಬೀದಿಗಿಳಿದರೂ ಮಾವ ಹಾಸಿಗೆಯ ಮೇಲೆಯೇ ಇದ್ದರಂತೆ. ಅವರು ಬದುಕಿರುವವರೆಗೂ ಕುಂಟುತ್ತಲೇ ನಡೆದರು. ಚಿಕ್ಕಂದಿನಲ್ಲಿ ನಾನು ಅವರ ಕಾಲಿನ ಕುಳಿಯಲ್ಲಿ ಹೆಬ್ಬೆರಳಿಟ್ಟು ಅಳೆಯುತ್ತಿದ್ದುದುಂಟು. ಮಾವ ನಗುತ್ತಿದ್ದರು. ಅವ್ವ ಮಾತ್ರ ನನ್ನ ಕೈಮೇಲೆ ಹೊಡೆದು ಅಲ್ಲಿಂದ ಎಬ್ಬಿಸುತ್ತಿದ್ದಳು. ನಮ್ಮ ಮನೆಯಲ್ಲಿ ಜಾತ್ರೆಯ ಆಟಿಕೆ ಪಿಸ್ತೂಲಿಗೂ ಪ್ರವೇಶವಿರಲಿಲ್ಲ.

ಆದ್ದರಿಂದ ಪಿಸ್ತೂಲಿನ ಮಾತು ಬಂದಾಗ, ಹಣವಿಲ್ಲವೆಂಬ ನೆವ ಸಿಕ್ಕಿದ್ದಕ್ಕೆ ಮನಸ್ಸಿನ ಒಂದು ಮೂಲೆಯಲ್ಲಿ ನನಗೆ ಸಮಾಧಾನವೇ ಆಗಿತ್ತು ಎಂದು ಒಪ್ಪಿಕೊಳ್ಳಬೇಕು.

ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಭಾಲ್ಕಿಯಲ್ಲಿ ಅಡತಿ ಅಂಗಡಿ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮದುವೆಯೊಂದರಲ್ಲಿ ಭೇಟಿಯಾದರು. 1988ರಲ್ಲಿ ಹತ್ತನೆಯ ತರಗತಿಯಲ್ಲಿ ನನ್ನ ಮುಂದೆ ಕುಳಿತವರು. ಮಾತಿಗೆ ಮಾತು ಬಂದು, ಅವರ ಮಗ ಬೆಂಗಳೂರಿನಲ್ಲಿ ಪಿ.ಯು.ಸಿ. ಓದುವಾಗ ಇದೇ ಆಟ ಆಡುತ್ತಿದ್ದನೆಂದೂ, ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿ ಬಿಟ್ಟನೆಂದೂ, ಅವನ ಪಿಸ್ತೂಲು ಏಳು ವರ್ಷದಿಂದ ಕಪಾಟಿನಲ್ಲಿದೆಯೆಂದೂ ತಿಳಿಯಿತು. "ಸರ್, ಬಂದು ನೋಡ್ರಿ. ನಿಮ್ಮ ಮೊಮ್ಮಗಳಿಗೆ ಉಪಯೋಗ ಆಗ್ತದಂದ್ರ ತಗೊಂಡು ಹೋಗ್ರಿ" ಎಂದರು.

ಹೋಗುವ ಮುನ್ನ ನಾನು ನನ್ನ ಪಾಲಿನ ಮನೆಗೆಲಸ ಮಾಡಿಕೊಂಡೆ. ಮೊದಲಿಗೆ ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ಒಳವ್ಯಾಸ 4.5 ಮಿಲಿಮೀಟರನ್ನೂ ಶಕ್ತಿ 20 ಜೌಲನ್ನೂ ಮೀರದ ಗಾಳಿ ಬಂದೂಕಗಳಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಪೆಲೆಟ್ಟಿನ ತೂಕ ಸುಮಾರು ಅರ್ಧ ಗ್ರಾಮು. ವೇಗ ಸೆಕೆಂಡಿಗೆ ಸುಮಾರು 150 ಮೀಟರು. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿರಿ: ಆರು ಜೌಲಿನ ಆಸುಪಾಸು ಬರುತ್ತದೆ. ಕಾನೂನಿನ ಮಿತಿಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಮದ್ದು ಸುಡುವ ಪಾಯಿಂಟ್ ಇಪ್ಪತ್ತೆರಡರ ಪಿಸ್ತೂಲಾದರೆ ಪರವಾನಗಿ ಬೇಕೇ ಬೇಕು. ಪರವಾನಗಿ ಬೇಡವೆಂದ ಮಾತ್ರಕ್ಕೆ ಇದನ್ನು ಆಟಿಕೆಯೆಂದು ತಿಳಿಯಬಾರದು. ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ.

ಎರಡನೆಯದು ನನ್ನ ಪ್ರೀತಿಯ ವಿಷಯ, ರೇಖಾಗಣಿತ. ಗುರಿಹಲಗೆಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರು. ಅಲ್ಲಿಂದ ಹೊರಕ್ಕೆ ಪ್ರತಿ ಎಂಟು ಮಿಲಿಮೀಟರಿಗೆ ಒಂದೊಂದು ಅಂಕ ಕಡಿಮೆ. ಪಿಸ್ತೂಲಿನ ಮುಂಗುರಿಗೂ ಹಿಂಗುರಿಗೂ ನಡುವೆ ಸುಮಾರು 35 ಸೆಂಟಿಮೀಟರು ಅಂತರ. ಈಗ ಸಮರೂಪ ತ್ರಿಭುಜಗಳನ್ನು ನೆನೆಯಿರಿ. ಹಿಡಿದ ಕೈ ಇಡಿಯಾಗಿ ಮೂರು ಮಿಲಿಮೀಟರು ಪಕ್ಕಕ್ಕೆ ಸರಿದರೆ ಪೆಲೆಟ್ಟೂ ಮೂರೇ ಮಿಲಿಮೀಟರು ಸರಿಯುತ್ತದೆ. ಹತ್ತು ಅಂಕ ಹತ್ತಾಗಿಯೇ ಉಳಿಯುತ್ತದೆ. ಆದರೆ ಮಣಿಕಟ್ಟು ಬಾಗಿ ಮುಂಗುರಿಯೊಂದೇ ಒಂದು ಮಿಲಿಮೀಟರು ಓರೆಯಾದರೆ, ಹತ್ತು ಮೀಟರಿನಾಚೆ ಅದು 28 ಮಿಲಿಮೀಟರಿಗೂ ಹೆಚ್ಚಾಗಿ, ಅಂಕ ಏಳಕ್ಕೆ ಇಳಿಯುತ್ತದೆ. ಅಂದರೆ ಕೈ ನಡುಗಿದರೆ ಕ್ಷಮೆಯುಂಟು, ಮಣಿಕಟ್ಟು ತಪ್ಪಿದರೆ ಇಲ್ಲ. ಮಣಿಕಟ್ಟನ್ನು ಪ್ರತಿಬಾರಿಯೂ ಅದೇ ಕೋನದಲ್ಲಿ ನಿಲ್ಲಿಸುವುದು ಹಿಡಿಕೆ. ಪಿಸ್ತೂಲಿನ ನಳಿಕೆ ಎಷ್ಟು ನಿಖರವಾಗಿದ್ದರೂ ಮರದ ಹಿಡಿಕೆ ಅಂಗೈಗೆ ಒಪ್ಪದಿದ್ದರೆ ವ್ಯರ್ಥ. ಕ್ಲಬ್ಬಿನ ಪಿಸ್ತೂಲಿನಲ್ಲಿ ಹುಡುಗಿ ಮುಗ್ಗರಿಸುತ್ತಿದ್ದುದು ಏಕೆಂದು ನನಗೆ ಆಗಲೇ ಅರ್ಥವಾದದ್ದು. ನಾನು ಅದನ್ನು ಅವಳ ಚಂಚಲತೆಯೆಂದು ತಿಳಿದು ಎರಡು ಬಾರಿ ಗದರಿಸಿದ್ದೆ.

ಶ್ರಾವಣದ ಒಂದು ಭಾನುವಾರ, 2025ರಲ್ಲಿ, ಅಜ್ಜ ಮೊಮ್ಮಗಳಿಬ್ಬರೂ ಬೀದರಿನಲ್ಲಿ ಪರಳಿ ಮಾರ್ಗದ ರೈಲು ಹತ್ತಿ ಭಾಲ್ಕಿಯಲ್ಲಿ ಇಳಿದೆವು. ಹಳೆಯ ವಿದ್ಯಾರ್ಥಿಯ ಮನೆಗೆ ಹೋಗುವುದೆಂದರೆ ನಿಮಗೆ ಗೊತ್ತೇ ಇದೆ: ಮೊದಲು ಉಪಾಹಾರ, ಆಮೇಲೆ ಚಹಾ, ಆಮೇಲೆ ತರಗತಿಯ ಎಲ್ಲರ ಕುಶಲ ವಿಚಾರ. ಕೊನೆಗೆ ಗೃಹಿಣಿ ಒಳಗಿನಿಂದ ಪೆಟ್ಟಿಗೆಯನ್ನು ಎರಡೂ ಕೈಗಳಲ್ಲಿ ಹಿಡಿದು ತಂದರು. ಮುಚ್ಚಳ ತೆರೆದರೆ ಪಿಸ್ತೂಲು ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಡಿಕೆಯ ಹೊರಮೈಯಲ್ಲಿ ಒಂದು ಕೆಂಪು ಚುಕ್ಕೆ. "ವರ್ಷಾ ಖಂಡೇಪೂಜಿಗೆ ಒರೆಸಿ ಕುಂಕುಮ ಹಚ್ತೀನ್ರಿ ಸರ್. ಮತ್ತ ಎಂದಾದರೂ ಹಿಡದಾನು ಅಂತ" ಎಂದರು ಆ ತಾಯಿ. ಹೇಳಿದವರೇ ಸೆರಗಿನಿಂದ ಪೆಟ್ಟಿಗೆಯ ಅಂಚನ್ನು ಇನ್ನೊಮ್ಮೆ ಒರೆಸಿದರು. ಹಳೆಯ ವಸ್ತುವನ್ನು ಕೊಳ್ಳಲು ಹೋದವನು ಬೆಲೆಯನ್ನಷ್ಟೇ ಯೋಚಿಸಿ ಹೋಗಿರುತ್ತಾನೆ. ಮಾರುವವರ ಮನೆಯಲ್ಲಿ ಆ ವಸ್ತುವಿನೊಡನೆ ಏನೇನು ಹೊರಟುಹೋಗುತ್ತದೆಂಬುದು ಅಲ್ಲಿ ಕುಳಿತಾಗಲೇ ಕಾಣುವುದು.

ಹುಡುಗಿ ಮಾತ್ರ ತನ್ನ ಕೆಲಸದಲ್ಲಿ ಮಗ್ನಳಾಗಿದ್ದಳು. ಮೊದಲು ನಳಿಕೆಯನ್ನು ಗೋಡೆಯ ಕಡೆಗೆ ತಿರುಗಿಸಿ, ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಕೆಯುದ್ದಕ್ಕೂ ಒಂದು ಕಿತ್ತಳೆ ಬಣ್ಣದ ದಾರ ತೂರಿಸಿದಳು. ದಾರ ಎರಡೂ ತುದಿಯಲ್ಲಿ ಕಾಣುತ್ತಿದ್ದರೆ ಒಳಗೆ ಪೆಲೆಟ್ಟಿಲ್ಲವೆಂದು ದೂರದಿಂದಲೇ ಎಲ್ಲರಿಗೂ ತಿಳಿಯುತ್ತದೆ. ಸ್ಪರ್ಧೆಯಲ್ಲಿ ಇದು ಕಡ್ಡಾಯ. ಬಳಿಕ ಬಿಲ್ಲನ್ನು ತರಿಸಿ ಅದರಲ್ಲಿದ್ದ ಸಂಖ್ಯೆಯನ್ನೂ ಪಿಸ್ತೂಲಿನ ಮೇಲಿನ ಸಂಖ್ಯೆಯನ್ನೂ ಹೋಲಿಸಿದಳು. ಕೊಳ್ಳುವವಳಿಗಿಂತ ಪರೀಕ್ಷಕಿಯಂತೆ ಕಾಣುತ್ತಿದ್ದಳು.

ಹಳಬರು ಕುದುರೆ ಎನ್ನುತ್ತಿದ್ದ ಟ್ರಿಗರಿನ ಪರೀಕ್ಷೆ ನಮಗೆಲ್ಲ ಮೋಜೆನಿಸಿತು. ಈ ಸ್ಪರ್ಧೆಯಲ್ಲಿ ಟ್ರಿಗರು ಕನಿಷ್ಠ 500 ಗ್ರಾಮು ಭಾರವನ್ನು ತಾಳಬೇಕು. ಅದಕ್ಕಿಂತ ಹಗುರವಾಗಿದ್ದರೆ ಅನರ್ಹ. ಪಕ್ಕದ ಕಿರಾಣಿ ಅಂಗಡಿಯಿಂದ ಹಳೆಯ ಅರ್ಧ ಕಿಲೋ ಕಲ್ಲನ್ನು ತರಿಸಿದೆವು. ಅದಕ್ಕೆ ನೂಲಿನ ಕುಣಿಕೆ ಕಟ್ಟಿ, ನಳಿಕೆಯನ್ನು ಮೇಲ್ಮುಖವಾಗಿ ಹಿಡಿದು, ಟ್ರಿಗರಿಗೆ ತೂಗುಹಾಕಿ ನೆಲದಿಂದ ಮೆಲ್ಲನೆ ಎತ್ತಿದಳು. ಟಕ್ಕೆಂದಿತು. ಅಂದರೆ ಅರ್ಧ ಕಿಲೋವನ್ನು ತಾಳಲಿಲ್ಲ. ಒಂದು ತಿರುಪನ್ನು ತುಸು ಬಿಗಿದು ಮತ್ತೆ ಎತ್ತಿದಳು; ಈ ಬಾರಿ ಕಲ್ಲು ತೂಗಾಡಿತು, ಟ್ರಿಗರು ಕದಲಲಿಲ್ಲ. ಅಡತಿಯವರು ತೂಕದ ವಿಷಯದಲ್ಲಿ ನುರಿತವರು. ಮೂರು ಬಾರಿ ಮಾಡಿಸಿ ನೋಡಿ ತಲೆದೂಗಿದರು.

ಆಮೇಲೆ ಅವಳು ಗಾಳಿಯ ಸಿಲಿಂಡರನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ನಂತರ ನನ್ನ ಕಡೆ ತಿರುಗಿ, "ಮುತ್ಯಾ, ಇದರ ಅವಧಿ ಮುಗದದ" ಎಂದಳು.

ನಮ್ಮ ಅಡುಗೆ ಅನಿಲದ ಸಿಲಿಂಡರಿನ ಪಟ್ಟಿಯ ಮೇಲೆ ಒಂದು ಅಕ್ಷರವೂ ಇಸವಿಯೂ ಇರುವುದನ್ನು ನೀವು ಕಂಡಿರಬಹುದು. ಮರುಪರೀಕ್ಷೆ ಯಾವಾಗ ಎಂಬುದರ ಸೂಚನೆ ಅದು. ಹಾಗೆಯೇ ಪಿಸ್ತೂಲಿನ ಸಿಲಿಂಡರಿಗೂ ತಾರೀಖು ಇರುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಅದರ ಆಯುಷ್ಯ ಹೆಚ್ಚೆಂದರೆ ಹತ್ತು ವರ್ಷ, ಅದನ್ನು ನೋಡಿಕೊಳ್ಳುವ ಹೊಣೆ ಆಟಗಾರನದೇ. ಒಳಗಿನ ಒತ್ತಡ 200 ಬಾರ್. ನಿಮ್ಮ ಕಾರಿನ ಚಕ್ರದ ಒತ್ತಡದ ತೊಂಬತ್ತು ಪಟ್ಟಿನಷ್ಟು. ಹಳತಾದ ಲೋಹ ಸಿಡಿದರೆ ಅದು ಹಿಡಿದವನ ಮುಖದ ಬಳಿಯೇ ಸಿಡಿಯುತ್ತದೆ. ಈ ಸಿಲಿಂಡರಿನ ಮೇಲಿದ್ದ ಇಸವಿ 2014. ಒಂದು ವರ್ಷ ಮೀರಿತ್ತು. ಅದಕ್ಕೆ ಗಾಳಿ ತುಂಬಲು ಅವಳು ಒಪ್ಪಲಿಲ್ಲ. ತುಂಬದೆ ಹೊಡೆದು ನೋಡುವಂತಿರಲಿಲ್ಲ.

ನನ್ನ ಸಂಕಟ ಕೇಳಿರಿ. ಬರುವಾಗ ತೊಂಬತ್ತು ಸಾವಿರ ಕೊಡಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದೆ. ಈಗ ದೋಷವನ್ನು ಹೇಳಿದರೆ ಶಿಷ್ಯನ ಮನೆಯ ಅನ್ನ ಉಂಡು ಚೌಕಾಸಿ ಮಾಡಿದಂತೆ. ಹೇಳದಿದ್ದರೆ ಮೊಮ್ಮಗಳ ಎದುರಿಗೆ ಸುಳ್ಳು ನಡೆದಂತೆ. ನಾನು ತಡವರಿಸುತ್ತಿದ್ದಾಗಲೇ ಹುಡುಗಿ ಎಲ್ಲವನ್ನೂ ನೇರವಾಗಿ ಹೇಳಿಬಿಟ್ಟಳು. ವಿದ್ಯಾರ್ಥಿಯ ಮುಖ ಬಾಡಿತು. "ನನಗ ಗೊತ್ತೇ ಇರ್ಲಿಲ್ಲ ಸರ್. ಬ್ಯಾರೆಯವರಿಗೆ ಕೊಟ್ಟಿದ್ದರ ಏನ್ ಗತಿ! ರೊಕ್ಕದ ಮಾತೇ ಬ್ಯಾಡ, ಹಂಗೇ ಒಯ್ಯಿರಿ" ಎಂದರು. ಹಾಗೇ ಒಯ್ಯುವುದು ನನ್ನಿಂದಾಗದು ಎಂದೆ ನಾನು. ಜಗತ್ತಿನಲ್ಲಿ ಎಲ್ಲ ಕಡೆ ಕೊಳ್ಳುವವನು ಬೆಲೆ ಇಳಿಸುತ್ತಾನೆ, ಮಾರುವವನು ಏರಿಸುತ್ತಾನೆ. ನಮ್ಮಲ್ಲಿ ಅರ್ಧ ಗಂಟೆ ಅದರ ತಿರುವುಮುರುವು ನಡೆಯಿತು.

ಕೊನೆಗೆ ನಾನು ಅಡತಿ ಪಟ್ಟಿಯ ಹಿಂಬದಿಯಲ್ಲಿ ಲೆಕ್ಕ ಬರೆದೆ. ಪಿಸ್ತೂಲಿಗೆ ತೊಂಬತ್ತು ಸಾವಿರ. ಹೊಸ ಸಿಲಿಂಡರಿಗೆ ಇಪ್ಪತ್ತು ಸಾವಿರದಷ್ಟಾಗುತ್ತದೆಂದು ಬೆಂಗಳೂರಿನಿಂದ ಫೋನಿನಲ್ಲಿ ತಿಳಿಯಿತು; ಅದನ್ನು ಕಳೆಯಿತು. ಉಳಿದ ಎಪ್ಪತ್ತರಲ್ಲಿ ಅರ್ಧ ಈಗ, ಅರ್ಧ ಹೊಡೆದು ನೋಡಿದ ಮೇಲೆ. "ಹತ್ತನೇ ತರಗತಿಯಲ್ಲಿ ನಿನಗೆ ಲಾಭನಷ್ಟದ ಲೆಕ್ಕ ಹೇಳಿಕೊಟ್ಟವನು ನಾನು. ಇದರಲ್ಲಿ ತಪ್ಪಿದ್ದರೆ ತೋರಿಸು" ಎಂದೆ. ಅವರು ಕಾಗದವನ್ನು ನೋಡಿ, "ತಪ್ಪಿಲ್ರಿ ಸರ್" ಎಂದು ಸಹಿ ಹಾಕಿದರು. ಮಾರಾಟದ ಪತ್ರ, ಮೂಲ ಬಿಲ್ಲು ಎರಡನ್ನೂ ಪೆಟ್ಟಿಗೆಯಲ್ಲಿಯೇ ಇರಿಸಿದೆವು. ಹಳೆಯದನ್ನು ಕೊಳ್ಳುವವರಿಗೆ ನನ್ನ ಮೊದಲ ಉಪದೇಶ ಇದೇ: ಎಷ್ಟೇ ಆತ್ಮೀಯರಾದರೂ ಕಾಗದ ಇರಲಿ. ಆತ್ಮೀಯರಾದಷ್ಟೂ ಇರಲಿ.

ಹೊರಡುವಾಗ ಅವರ ಮಗ ಊರಾಚೆಯಿಂದ ಫೋನು ಮಾಡಿ ಮೊಮ್ಮಗಳೊಡನೆ ಮಾತಾಡಿದ. ಏನು ಹೇಳಿದನೆಂದು ರೈಲಿನಲ್ಲಿ ಕೇಳಿದೆ. ಮೊದಲ ವಾರ ವೃತ್ತಗಳಿಲ್ಲದ ಬಿಳಿಯ ಕಾಗದಕ್ಕೇ ಹೊಡೆಯಬೇಕು, ಅಂಕ ಎಣಿಸಲೇಬಾರದು ಎಂದನಂತೆ. "ತಾನು ಬಿಟ್ಟದ್ದು ಏಕೆಂದು ಹೇಳಿದನೇ?" ಎಂದೆ. "ನಾ ಕೇಳಲಿಲ್ಲ ಮುತ್ಯಾ" ಎಂದಳು. ಕೇಳದಿದ್ದುದು ಒಳ್ಳೆಯದೇ ಆಯಿತು.

ಹೊಸ ಸಿಲಿಂಡರು ಬಂದ ರಾತ್ರಿ ಗಾಳಿ ತುಂಬಿ ಮಾಪಕದ ಮುಳ್ಳನ್ನು ಬರೆದಿಟ್ಟು ಮಲಗಿದೆವು. ಬೆಳಿಗ್ಗೆ ನೋಡಿದರೆ 190ರಲ್ಲಿದ್ದ ಮುಳ್ಳು 120ಕ್ಕೆ ಇಳಿದಿತ್ತು. ನನ್ನ ಎದೆಯೂ ಅಷ್ಟೇ ಇಳಿಯಿತು. ವಿಚಾರಿಸಿದರೆ ರೋಗ ದೊಡ್ಡದಾಗಿರಲಿಲ್ಲ. ಒಳಗಿನ ಸಣ್ಣ ರಬ್ಬರು ಉಂಗುರವೊಂದು ಏಳು ವರ್ಷ ಕೆಲಸವಿಲ್ಲದೆ ಕುಳಿತು ಒಣಗಿ ಬಿರುಕು ಬಿಟ್ಟಿತ್ತು. ಬದಲಾಯಿಸಿದ ಮೇಲೆ ಮುಳ್ಳು ಕದಲಲಿಲ್ಲ. ದಿನವೂ ಬಳಸಿದ್ದರೆ ಈ ಉಂಗುರ ಇಷ್ಟು ಬೇಗ ಕೆಡುತ್ತಿರಲಿಲ್ಲವಂತೆ. ನಿವೃತ್ತನಾದ ನಾನು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಮರುದಿನದಿಂದ ಬೆಳಗಿನ ನಡಿಗೆಯನ್ನು ಕೋಟೆಯ ಬಾಗಿಲಿನವರೆಗೆ ವಿಸ್ತರಿಸಿದ್ದೇನೆ. ಬಾಕಿ ಮೂವತ್ತೈದು ಸಾವಿರವನ್ನೂ ಅದೇ ವಾರ ಭಾಲ್ಕಿಗೆ ಮುಟ್ಟಿಸಿದೆ.

ಉಳಿದದ್ದು ಹಿಡಿಕೆ. ಅದು ಆ ಹುಡುಗನ ದೊಡ್ಡ ಅಂಗೈಗೆ ಕೆತ್ತಿದ್ದು. ಚಿಕ್ಕ ಅಳತೆಯ ಹೊಸ ಹಿಡಿಕೆಗೆ ಮತ್ತೆ ಹಣ ಬೇಕು. ಮೊಮ್ಮಗಳು ನಮ್ಮ ಬೀದರಿನ ಹಳೆಯ ಊರಿನ ಬಡಗಿ ಚಾಚಾ ಒಬ್ಬರಲ್ಲಿಗೆ ಹೋದಳು. ಅವರ ಕೈಯಲ್ಲಿ ಇಂತಹ ಮರ ಹೊಸದು, ಇಂತಹ ಕೆಲಸವೂ ಹೊಸದು. ಆದರೆ ಅವರು ಹೆದರಲಿಲ್ಲ. ಅವಳ ಅಂಗೈಗೆ ಇದ್ದಿಲ ಪುಡಿ ಸವರಿ, ಹಿಡಿಕೆ ಹಿಡಿಸಿ, ಕಪ್ಪು ಎಲ್ಲಿ ಮೂಡಿತೋ ಅಲ್ಲಿ ತುಸು ಅರದಿಂದ ಉಜ್ಜಿದರು. ಎಲ್ಲಿ ಮೂಡಲಿಲ್ಲವೋ ಅಲ್ಲಿ ಮರದ ಪುಟ್ಟಿ ತುಂಬಿದರು. ಮತ್ತೆ ಹಿಡಿಸಿದರು, ಮತ್ತೆ ಉಜ್ಜಿದರು. ನಾಲ್ಕು ಸಂಜೆ ಹೀಗೆ ನಡೆಯಿತು. ನಿಯಮಗಳನ್ನು ಹುಡುಗಿ ಕಂಠಪಾಠ ಹೇಳುತ್ತಿದ್ದಳು: ಹಿಡಿಕೆ ಮಣಿಕಟ್ಟಿಗೆ ಆಧಾರ ಕೊಡಬಾರದು; ಇಡೀ ಪಿಸ್ತೂಲು 420, 200, 50 ಮಿಲಿಮೀಟರಿನ ಪೆಟ್ಟಿಗೆಯೊಳಗೆ ಹಿಡಿಸಬೇಕು; ತೂಕ ಒಂದೂವರೆ ಕಿಲೋ ಮೀರಬಾರದು. ಕೊನೆಯ ಸಂಜೆ ಚಾಚಾ ಹೊರಮೈಯನ್ನೂ ನುಣುಪಾಗಿಸಲು ಹೊರಟು ಕುಂಕುಮದ ಕಲೆಯ ಮೇಲೆ ಮರಳುಕಾಗದ ಇಟ್ಟರು. "ಅದಿರಲಿ ಚಾಚಾ" ಎಂದಳು ಹುಡುಗಿ. ಅವರು ಏಕೆಂದು ಕೇಳದೆ ಕಾಗದವನ್ನು ಮಡಿಸಿಟ್ಟರು. ಕೂಲಿಯೆಂದು ಅವರು ತೆಗೆದುಕೊಂಡದ್ದು ಒಂದು ಕಿಟಕಿ ಬಾಗಿಲು ಸರಿಮಾಡಿದಷ್ಟು ಮಾತ್ರ.

ಈಗ ನಮ್ಮ ಮನೆಯ ಪಡಸಾಲೆಯಿಂದ ಹಿತ್ತಲ ಗೋಡೆಯವರೆಗೆ ಹತ್ತು ಮೀಟರು ಅಳೆದು, ನೆಲದಿಂದ 1.4 ಮೀಟರು ಎತ್ತರದಲ್ಲಿ ಗುರಿಹಲಗೆ ಕಟ್ಟಿ, ಹಿಂದೆ ಕಬ್ಬಿಣದ ತಗಡು ನಿಲ್ಲಿಸಿದ್ದೇವೆ. ಅಭ್ಯಾಸದ ಹೊತ್ತಿನಲ್ಲಿ ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ. ಒಂದೇ ಕೈಯಲ್ಲಿ ಕಿಲೋ ತೂಕವನ್ನು ಚಾಚಿ ಹಿಡಿದು 75 ನಿಮಿಷದಲ್ಲಿ 60 ಬಾರಿ ಹೊಡೆಯುವುದು ಸಣ್ಣ ಕೆಲಸವಲ್ಲ. ನಮ್ಮ ನಾಡಿನ ಪ್ರಕಾಶ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾಗಿ, ಮರುವರ್ಷವೇ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯ ಬೆಳ್ಳಿ ಗೆದ್ದರು. ಬ್ಯಾಸ್ಕೆಟ್‌ಬಾಲಿನಿಂದ ಇತ್ತ ಬಂದ ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಎರಡು ಬೆಳ್ಳಿ ತಂದರು. ಸಾಧನ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯುಂಟು: 2021ರ ಟೋಕಿಯೊದಲ್ಲಿ ಹರಿಯಾಣದ ಮನು ಭಾಕರರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟು, ಅಮೂಲ್ಯ ನಿಮಿಷಗಳು ಕಳೆದು, ಅವರು ಹನ್ನೆರಡನೆಯವರಾದರು. ಅದೇ ಹುಡುಗಿ 2024ರ ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದದ್ದನ್ನು ನೀವೆಲ್ಲ ಕಂಡಿದ್ದೀರಿ. ಮೊಮ್ಮಗಳು ಅಷ್ಟೆತ್ತರಕ್ಕೆ ಹೋಗುತ್ತಾಳೆಂದು ನಾನು ಹೇಳುತ್ತಿಲ್ಲ. ಅವಳ ಅಂಕ ಈಗ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತಿಲ್ಲ ಎಂದಷ್ಟೇ ಹೇಳುತ್ತೇನೆ. ಗಣಿತದ ಮಾಸ್ತರನಿಗೆ ಅದೇ ದೊಡ್ಡ ಸುದ್ದಿ.

ಇನ್ನು ಅವ್ವ. ಮುಚ್ಚಿಡುವುದು ನನಗೆ ಒಗ್ಗಲಿಲ್ಲ. ದಸರೆಗೆ ಮುಂಚೆ ಮಗನ ಕಾರಿನಲ್ಲಿ ಮಾಂಜರಾ ದಾಟಿ, ಸಂತಪುರದ ಮೇಲೆ ಔರಾದಿಗೆ ಹೋದೆವು. ಪೆಟ್ಟಿಗೆ ಡಿಕ್ಕಿಯಲ್ಲಿತ್ತು. ಊಟವಾದ ಮೇಲೆ ವಿಷಯ ತಿಳಿಸಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಬೀದರದಾಗ ನೀವು ಏನರ ಮಾಡ್ಕೋರಿ. ಈ ಹೊಸ್ತಿಲ ಒಳಗ ಅದು ಬರಬಾರ್ದು" ಎಂದಳು. ವಾದಿಸಲು ನಾನು ಬಾಯಿ ತೆರೆದೆ. ಮೊಮ್ಮಗಳು ನನ್ನ ತೋಳು ಹಿಡಿದು, "ಆಯ್ತು ಆಯಿ, ತರೂದಿಲ್ಲ" ಎಂದು, ತನ್ನ ಚೀಲದಿಂದ ಹಳೆಯ ಗುರಿಕಾಗದವೊಂದನ್ನು ತೆಗೆದು ಮುತ್ತಜ್ಜಿಯ ತೊಡೆಯ ಮೇಲೆ ಇಟ್ಟಳು.

"ಯಾರ ಮ್ಯಾಲ ಹೊಡಿತಿ ನೀ?" ಎಂದು ಕೇಳಿದಳು ಅವ್ವ.

"ಇದರ ಮ್ಯಾಲ. ಇದರ ಮ್ಯಾಲ ಒಂದೇ."

ಅವ್ವ ಕಾಗದವನ್ನು ಕಣ್ಣಿನ ಹತ್ತಿರ ತಂದಳು. ನಡುವೆ ಐದಾರು ಪೆಲೆಟ್ಟುಗಳು ಒಂದರ ಮೇಲೊಂದು ಬಿದ್ದು ಹರಿದ ತೂತು. ಅದರ ಅಂಚಿನ ಸುತ್ತ ಬೆರಳು ಆಡಿಸಿದಳು. ಆಮೇಲೆ ಬೆರಳ ತುದಿಯನ್ನು ಒಳಗಿಟ್ಟಳು. ಮಾವನ ಕಾಲಿನ ಕುಳಿಯಲ್ಲಿ ನಾನು ಬೆರಳಿಟ್ಟಾಗ ಕೈಮೇಲೆ ಹೊಡೆಯುತ್ತಿದ್ದ ಅದೇ ಕೈ. "ಅಣ್ಣಂದು ಇದಕಿಂತ ದೊಡ್ಡದಿತ್ತು" ಎಂದಳು. ಬೇರೇನೂ ಹೇಳಲಿಲ್ಲ.

ಸಂಜೆ ನಾವು ಹೊರಟಾಗ ಅವ್ವ ಕೋಲೂರಿಕೊಂಡು ಹೊಸ್ತಿಲವರೆಗೆ ಬಂದಳು. "ತೋರ್ಸು, ದೂರಿಂದ" ಎಂದಳು. ಹುಡುಗಿ ಅಂಗಳದಲ್ಲಿ ನಿಂತು, ನಳಿಕೆಯನ್ನು ನೆಲಕ್ಕೆ ಮಾಡಿ, ದಾರ ಕಾಣುವಂತೆ ಪೆಟ್ಟಿಗೆಯನ್ನು ತೆರೆದು ಹಿಡಿದಳು. ಅವ್ವನ ಕಣ್ಣು ಹೋದದ್ದು ದಾರದ ಮೇಲಲ್ಲ, ಹಿಡಿಕೆಯ ಕೆಂಪಿನ ಮೇಲೆ. "ಯಾರು ಪೂಜಿ ಮಾಡ್ಯಾರ?" ಎಂದು ಕೇಳಿದಳು. ಭಾಲ್ಕಿಯ ಆ ತಾಯಿಯ ಸಂಗತಿಯನ್ನು ಹೇಳಿದೆ. ಏಳು ವರ್ಷ, ಮಗ ಮತ್ತೆ ಹಿಡಿದಾನೆಂದು. ಅವ್ವ ಕೇಳಿಸಿಕೊಂಡು, "ಈ ವರ್ಷ ಆಕಿಗೆ ಕರಿಕಳಸ್ರಿ. ತನ್ನ ಕೈಲೆ ಹಚ್ಚಲಿ" ಎಂದು ಒಳಗೆ ಹೋದಳು.

ಖಂಡೇಪೂಜೆಯ ದಿನ ಭಾಲ್ಕಿಯ ದಂಪತಿಗಳು ಬೀದರಿಗೆ ಬಂದರು. ಆ ಗೃಹಿಣಿ ಹಳೆಯ ಕಲೆಯ ಮೇಲೆಯೇ ಹೊಸ ಕುಂಕುಮ ಹಚ್ಚಿದರು. ಔರಾದಿನ ಮನೆಯ ಹೊಸ್ತಿಲನ್ನು ಆ ಪೆಟ್ಟಿಗೆ ಇಂದಿಗೂ ದಾಟಿಲ್ಲ. ಅವ್ವ ಇರುವವರೆಗೆ ದಾಟುವುದೂ ಇಲ್ಲ; ಅದು ಸರಿಯಾದದ್ದೇ. ಗುರಿಕಾಗದ ಮಾತ್ರ ಅವಳ ದಿಂಬಿನ ಕೆಳಗಿದೆಯೆಂದು ತಮ್ಮ ಹೇಳುತ್ತಾನೆ.

ಮಕ್ಕಳ ಆಟ ನಿಂತು, ಕಪಾಟಿನಲ್ಲಿ ಏನಾದರೂ ಒಣಗುತ್ತಿದ್ದರೆ, ನನ್ನ ವಿದ್ಯಾರ್ಥಿಗಳೇ, ಅದನ್ನು ಹೊರಗೆ ತೆಗೆಯಿರಿ. ತಾರೀಖು ನೋಡಿರಿ, ದೋಷವಿದ್ದರೆ ಹೇಳಿರಿ, ಬೇಕಾದವರ ಕೈಗೆ ಒಪ್ಪಿಸಿರಿ. ಲೆಕ್ಕದಲ್ಲಿ ತೊಡಕಾದರೆ ನಾನಿನ್ನೂ ಇದ್ದೇನೆ, ಬನ್ನಿರಿ.